ಮಿನ್ನೆಸೋಟ ಸೆನೆಟ್ ಚುನಾವಣೆ, 2008

ಅಮೆರಿಕ ಸಂಯುಕ್ತ ಸಂಸ್ಥಾನದ ಮಿನ್ನೆಸೋಟ ರಾಜ್ಯದಿಂದ ರಾಷ್ಟ್ರೀಯ ಸೆನೆಟ್‌ಗೆ ಒಬ್ಬ ಸದಸ್ಯನನ್ನು ಆರಿಸಲು 2008ರ ನವೆಂಬರ್ 4ರಂದು ನಡೆದ ಚುನಾವಣೆ. ಚಲಾವಣೆಯಾದ ಸುಮಾರು 29 ಲಕ್ಷ ಮತಗಳಲ್ಲಿ ಡೆಮಾಕ್ರಟಿಕ್-ಫಾರ್ಮರ್-ಲೇಬರ್ (ಡಿಎಫ್ಎಲ್) ಪಕ್ಷದ ಅಲ್ ಫ್ರಾಂಕೆನ್ 12,12,629, ಹಾಲಿ ಸದಸ್ಯ ರಿಪಬ್ಲಿಕನ್ ಪಕ್ಷದ ನಾರ್ಮ್ ಕೋಲ್ಮನ್ 12,12,317 ಮತ ಪಡೆದರು. ಅಂತರ 312. ಮೊದಲ ರಾತ್ರಿ ಮುಂದಿದ್ದವರು ಕೋಲ್ಮನ್. ಕೈಯಿಂದ ನಡೆದ ಮರುಎಣಿಕೆ, ತಿರಸ್ಕೃತ ಮತಗಳ ಪುನರ್‌ಪರಿಶೀಲನೆ, ವಿಚಾರಣೆ ಮತ್ತು ಮೇಲ್ಮನವಿ ಎಲ್ಲ ಮುಗಿದು ಗೆಲುವು ಫ್ರಾಂಕೆನ್ ಅವರದೆಂದು ಇತ್ಯರ್ಥವಾಗುವಷ್ಟರಲ್ಲಿ ಸುಮಾರು ಎಂಟು ತಿಂಗಳು ಕಳೆದಿದ್ದವು.

ಯಾವುದು ಮತ, ಯಾವುದು ಮತವಲ್ಲ ಎಂಬ ಪ್ರಶ್ನೆಗೆ ಒಂದೇ ರಾಜ್ಯದ ಕಾನೂನು ಎರಡು ಬಗೆಯ ಉತ್ತರ ಕೊಡಬಲ್ಲದೆಂಬುದನ್ನು ಈ ಪ್ರಕರಣ ಬಯಲಿಗೆ ತಂದಿತು. ಮತಪತ್ರದ ಮೇಲಿನ ಗುರುತು ಓದುವಾಗ ಮತದಾರನ ಇಂಗಿತವೇ ಪ್ರಮಾಣ. ಗೈರುಹಾಜರಿಯಲ್ಲಿ ಕಳಿಸಿದ ಮತದ ಲಕೋಟೆ ತೆರೆಯಬೇಕೋ ಬೇಡವೋ ಎನ್ನುವಾಗ ವಿಧಿವಿಧಾನವೇ ಪ್ರಮಾಣ. ಫಲಿತಾಂಶ ನಿರ್ಧಾರವಾದದ್ದು ಈ ಎರಡು ಅಳತೆಗೋಲುಗಳ ನಡುವೆ.

ಚುನಾವಣಾ ವ್ಯವಸ್ಥೆ

ಅಮೆರಿಕದ ಸೆನೆಟ್‌ಗೆ ಪ್ರತಿ ರಾಜ್ಯದಿಂದ, ಅದು ಹಿರಿದಾಗಲಿ ಕಿರಿದಾಗಲಿ, ಇಬ್ಬರು ಸದಸ್ಯರು. ಅವಧಿ ಆರು ವರ್ಷ. ಭಾರತದ ರಾಜ್ಯಸಭೆಗೆ ಶಾಸಕರು ಮತ ಹಾಕುವಂತೆ ಅಲ್ಲಿಯೂ ಮೊದಲು ರಾಜ್ಯ ಶಾಸನಸಭೆಗಳೇ ಸೆನೆಟರ್‌ಗಳನ್ನು ಆರಿಸುತ್ತಿದ್ದವು. 1913ರಲ್ಲಿ ಸಂವಿಧಾನದ 17ನೆಯ ತಿದ್ದುಪಡಿ ಜಾರಿಗೆ ಬಂದ ಮೇಲೆ ಆಯ್ಕೆ ನೇರವಾಗಿ ಜನರ ಕೈಗೆ ಬಂತು. ಇಡೀ ದೇಶದ ಮತದಾನ ನಡೆಸುವ ನಮ್ಮ ಚುನಾವಣಾ ಆಯೋಗದಂಥ ಸಂಸ್ಥೆ ಅಲ್ಲಿಲ್ಲ. ರಾಷ್ಟ್ರೀಯ ಹುದ್ದೆಗಳ ಚುನಾವಣೆಯನ್ನೂ ಆಯಾ ರಾಜ್ಯದ ಕಾನೂನಿನಂತೆ ಕೌಂಟಿ, ನಗರ ಹಾಗೂ ಪಟ್ಟಣಗಳ ಅಧಿಕಾರಿಗಳೇ ನಡೆಸುತ್ತಾರೆ. ಮಿನ್ನೆಸೋಟದಲ್ಲಿ ಇದರ ಮೇಲುಸ್ತುವಾರಿ ಚುನಾಯಿತ ರಾಜ್ಯ ಕಾರ್ಯದರ್ಶಿಯದು. 2008ರಲ್ಲಿ ಆ ಹುದ್ದೆಯಲ್ಲಿ ಇದ್ದವರು ಡಿಎಫ್ಎಲ್ ಪಕ್ಷದ ಮಾರ್ಕ್ ರಿಚಿ.

ರಾಜ್ಯದಲ್ಲಿ 87 ಕೌಂಟಿಗಳಿವೆ. ಮತದಾರ ಕಾಗದದ ಮತಪತ್ರದಲ್ಲಿ ಅಭ್ಯರ್ಥಿಯ ಹೆಸರಿನ ಪಕ್ಕದ ಅಂಡಾಕಾರದ ಖಾನೆಯನ್ನು ಶಾಯಿಯಿಂದ ತುಂಬುತ್ತಾನೆ. ಯಂತ್ರ ಅದನ್ನು ಸ್ಕ್ಯಾನ್ ಮಾಡಿ ಎಣಿಸುತ್ತದೆ. ಯಂತ್ರದ ಲೆಕ್ಕದ ಹಿಂದೆ ಪ್ರತಿ ಮತಕ್ಕೂ ಕೈಗೆ ಸಿಗುವ ಒಂದು ಕಾಗದ ಇದ್ದದ್ದರಿಂದಲೇ ಮುಂದೆ ಮರುಎಣಿಕೆಗೆ ಅರ್ಥ ಬಂತು. ಮತದಾನದ ದಿನವೇ ಮತಗಟ್ಟೆಯಲ್ಲಿ ಹೆಸರು ನೋಂದಾಯಿಸಿ ಮತ ಹಾಕುವ ಸೌಲಭ್ಯ 1970ರ ದಶಕದಿಂದ ಇಲ್ಲಿದೆ. ದೇಶದಲ್ಲಿ ಅತಿ ಹೆಚ್ಚು ಮತದಾನವಾಗುವ ರಾಜ್ಯಗಳಲ್ಲಿ ಇದೂ ಒಂದು. ಬರಾಕ್ ಒಬಾಮ ಅಧ್ಯಕ್ಷರಾಗಿ ಆಯ್ಕೆಯಾದ ಆ ವರ್ಷ ಸುಮಾರು ಶೇ. 78ರಷ್ಟು ಮತದಾನವಾಗಿತ್ತು.

ಹಿನ್ನೆಲೆ

ಈ ಸ್ಥಾನಕ್ಕೆ 2002ರ ನೆರಳು ಅಂಟಿಕೊಂಡಿತ್ತು. ಆಗ ಇಲ್ಲಿನ ಸೆನೆಟರ್ ಆಗಿದ್ದ ಡಿಎಫ್ಎಲ್‌ನ ಪಾಲ್ ವೆಲ್‌ಸ್ಟೋನ್ ಮತದಾನಕ್ಕೆ ಹನ್ನೊಂದು ದಿನ ಉಳಿದಿದ್ದಾಗ, ಅಕ್ಟೋಬರ್ 25ರಂದು, ರಾಜ್ಯದ ಉತ್ತರ ಭಾಗದ ಎವೆಲೆತ್ ಬಳಿ ವಿಮಾನ ದುರಂತದಲ್ಲಿ ತೀರಿಕೊಂಡರು. ಅವರ ಪತ್ನಿ ಮತ್ತು ಮಗಳೂ ಅದೇ ವಿಮಾನದಲ್ಲಿದ್ದರು. ಪಕ್ಷ ತರಾತುರಿಯಲ್ಲಿ ಮಾಜಿ ಉಪಾಧ್ಯಕ್ಷ ವಾಲ್ಟರ್ ಮಾಂಡೇಲ್ ಅವರನ್ನು ಕಣಕ್ಕಿಳಿಸಿತಾದರೂ ಕೋಲ್ಮನ್ ಅಲ್ಪ ಅಂತರದಿಂದ ಗೆದ್ದರು. ವೆಲ್‌ಸ್ಟೋನ್ ಅವರ ಉಳಿದ ಕೆಲವು ವಾರಗಳ ಅವಧಿಗೆ ಗವರ್ನರ್ ಜೆಸ್ಸಿ ವೆಂಚುರ ನೇಮಿಸಿದ್ದು ಡೀನ್ ಬಾರ್ಕ್ಲಿ ಅವರನ್ನು. 2008ರಲ್ಲಿ ಇದೇ ಸ್ಥಾನಕ್ಕೆ ಮೂರನೆಯ ಅಭ್ಯರ್ಥಿಯಾಗಿ ನಿಂತವರೂ ಅವರೇ.

ಡಿಎಫ್ಎಲ್ ಎಂಬುದು ಡೆಮಾಕ್ರಟಿಕ್ ಪಕ್ಷದ ಮಿನ್ನೆಸೋಟ ರೂಪ. ರೈತರು ಮತ್ತು ಕಾರ್ಮಿಕರ ಪ್ರಬಲ ಪಕ್ಷವಾಗಿದ್ದ ಫಾರ್ಮರ್-ಲೇಬರ್ 1944ರಲ್ಲಿ ಡೆಮಾಕ್ರಟಿಕ್ ಪಕ್ಷದೊಡನೆ ವಿಲೀನವಾದಾಗ ಈ ಉದ್ದನೆಯ ಹೆಸರು ಹುಟ್ಟಿತು.

ಅಭ್ಯರ್ಥಿಗಳು ಮತ್ತು ಪ್ರಚಾರ

ನಾರ್ಮ್ ಕೋಲ್ಮನ್ ನ್ಯೂಯಾರ್ಕಿನ ಬ್ರೂಕ್ಲಿನ್‌ನವರು. ರಾಜಧಾನಿ ಸೇಂಟ್ ಪಾಲ್ ನಗರಕ್ಕೆ ಡಿಎಫ್ಎಲ್ ಅಭ್ಯರ್ಥಿಯಾಗಿ ಮೇಯರ್ ಆದ ಅವರು 1996ರಲ್ಲಿ ರಿಪಬ್ಲಿಕನ್ ಪಕ್ಷ ಸೇರಿದರು. 1998ರ ಗವರ್ನರ್ ಚುನಾವಣೆಯಲ್ಲಿ ಮಾಜಿ ಕುಸ್ತಿಪಟು ವೆಂಚುರ ಎದುರು ಸೋತಿದ್ದರು.

ಅಲ್ ಫ್ರಾಂಕೆನ್ ಹುಟ್ಟಿದ್ದೂ ನ್ಯೂಯಾರ್ಕಿನಲ್ಲಿ. ಬೆಳೆದದ್ದು ಮಿನಿಯಾಪೊಲಿಸ್ ಪಕ್ಕದ ಸೇಂಟ್ ಲೂಯಿಸ್ ಪಾರ್ಕ್‌ನಲ್ಲಿ. ‘ಸ್ಯಾಟರ್ಡೇ ನೈಟ್ ಲೈವ್’ ಎಂಬ ಟಿವಿ ಹಾಸ್ಯ ಕಾರ್ಯಕ್ರಮಕ್ಕೆ ಬರೆದು, ನಟಿಸಿ ಹೆಸರಾದವರು. ಆಮೇಲೆ ರಾಜಕೀಯ ವಿಡಂಬನೆಯ ಪುಸ್ತಕಗಳನ್ನು ಬರೆದರು, ಏರ್ ಅಮೆರಿಕ ರೇಡಿಯೊದಲ್ಲಿ ಕಾರ್ಯಕ್ರಮ ನಡೆಸಿದರು. ಹಾಸ್ಯಗಾರನಾಗಿ ಆಡಿದ, ಬರೆದ ಮಾತುಗಳೇ ಪ್ರಚಾರದಲ್ಲಿ ಅವರಿಗೆ ತಿರುಗುಬಾಣವಾದವು. ಹಲವು ರಾಜ್ಯಗಳಲ್ಲಿ ತೆರಿಗೆ ಬಾಕಿ ಉಳಿಸಿಕೊಂಡಿದ್ದ ವಿಷಯವೂ ಹೊರಬಂತು.

ಮೂವರಲ್ಲಿ ಮಿನ್ನೆಸೋಟದಲ್ಲೇ ಹುಟ್ಟಿದವರು ಇಂಡಿಪೆಂಡೆನ್ಸ್ ಪಕ್ಷದ ಬಾರ್ಕ್ಲಿ ಒಬ್ಬರೇ. ಇಬ್ಬರು ಪ್ರಮುಖ ಅಭ್ಯರ್ಥಿಗಳ ಕೆಸರೆರಚಾಟ ಕಂಡು ಬೇಸತ್ತ ಮತದಾರರು ಅವರತ್ತ ವಾಲಿದರು. ಅವರಿಗೆ ಬಿದ್ದ 4,37,505 ಮತಗಳು, ಅಂದರೆ ಒಟ್ಟು ಮತಗಳ ಶೇ. 15, ಉಳಿದಿಬ್ಬರನ್ನೂ ಶೇ. 42ರ ಒಳಗೆ ಕಟ್ಟಿಹಾಕಿದವು. ಅಧ್ಯಕ್ಷ ಸ್ಥಾನಕ್ಕೆ ಒಬಾಮ ಇದೇ ರಾಜ್ಯದಲ್ಲಿ ಶೇ. 54ರಷ್ಟು ಮತ ಪಡೆದು ಸಲೀಸಾಗಿ ಗೆದ್ದರು. ಅವರಿಗೆ ಮತ ಹಾಕಿದವರೆಲ್ಲ ಫ್ರಾಂಕೆನ್ ಅವರನ್ನು ಒಪ್ಪಿಕೊಂಡಿರಲಿಲ್ಲ ಎಂಬುದು ಇದರಿಂದ ಸ್ಪಷ್ಟ.

ಮೊದಲ ಎಣಿಕೆ

ಮತದಾನದ ಮರುದಿನ ಬೆಳಗ್ಗೆ ಕೋಲ್ಮನ್ 725 ಮತಗಳಿಂದ ಮುಂದಿದ್ದರು. ಗೆಲುವು ತನ್ನದೆಂದು ಸಾರಿದ ಅವರು, ರಾಜ್ಯದ ಒಳಿತಿಗಾಗಿ ಫ್ರಾಂಕೆನ್ ಮರುಎಣಿಕೆಯ ಗೊಡವೆ ಬಿಡುವುದು ಲೇಸೆಂಬ ಸೂಚನೆಯನ್ನೂ ಕೊಟ್ಟರು. ಅಂತರ ಅರ್ಧ ಶೇಕಡಾಕ್ಕಿಂತ ಕಡಿಮೆ ಇದ್ದರೆ ಸರ್ಕಾರಿ ಖರ್ಚಿನಲ್ಲಿ ತಾನಾಗಿ ಮರುಎಣಿಕೆ ನಡೆಯಬೇಕೆಂಬುದು ಆಗಿನ ಮಿನ್ನೆಸೋಟ ಕಾನೂನು. ಫ್ರಾಂಕೆನ್ ಹಿಂದೆ ಸರಿಯಲಿಲ್ಲ.

ಮುಂದಿನ ಎರಡು ವಾರ ಕೌಂಟಿಗಳು ತಮ್ಮ ಲೆಕ್ಕಪತ್ರ ತಾಳೆ ನೋಡಿದಂತೆಲ್ಲ ಅಂಕಿಗಳು ಅಲುಗಾಡಿದವು. ಪೈನ್ ಕೌಂಟಿಯ ಒಂದು ಮತಗಟ್ಟೆಯಲ್ಲಿ ಫ್ರಾಂಕೆನ್‌ಗೆ 124 ಮತ ಬಿದ್ದಿದ್ದರೆ ಲೆಕ್ಕದಲ್ಲಿ 24 ಎಂದು ನಮೂದಾಗಿತ್ತು. ಒಂದು ಅಂಕಿ ಬಿಟ್ಟುಹೋದದ್ದಕ್ಕೆ ನೂರು ಮತ ಹೋಗಿದ್ದವು. ಇಂಥ ತಪ್ಪುಗಳು ಪ್ರತಿ ಚುನಾವಣೆಯಲ್ಲೂ ಇರುವಂಥವೇ. ಅಂತರ ದೊಡ್ಡದಿದ್ದಾಗ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನವೆಂಬರ್ 18ರಂದು ಮೊದಲ ಎಣಿಕೆ ಅಧಿಕೃತವಾದಾಗ ಕೋಲ್ಮನ್ ಮುನ್ನಡೆ 215ಕ್ಕೆ ಇಳಿದಿತ್ತು.

ಮರುಎಣಿಕೆ

ನವೆಂಬರ್ 19ರಿಂದ ರಾಜ್ಯದ ನೂರಕ್ಕೂ ಹೆಚ್ಚು ಕಡೆ ಮತಪತ್ರಗಳನ್ನು ಒಂದೊಂದಾಗಿ ಕೈಯಿಂದ ಎಣಿಸಲಾಯಿತು. ಪ್ರತಿ ಮೇಜಿನ ಬಳಿ ಎರಡೂ ಕಡೆಯ ಪ್ರತಿನಿಧಿಗಳು. ಅಧಿಕಾರಿಯ ತೀರ್ಮಾನ ಒಪ್ಪದಿದ್ದರೆ ಅವರು ತಕರಾರು ಹೂಡಬಹುದಿತ್ತು. ಒಬ್ಬರು ತಕರಾರು ತೆಗೆದರೆ ಇನ್ನೊಬ್ಬರೂ ಸುಮ್ಮನಿರಲಿಲ್ಲ. ತಕರಾರಿಗೆ ಒಳಗಾದ ಮತಪತ್ರಗಳ ಸಂಖ್ಯೆ 6,600 ದಾಟಿತು. ಪತ್ರಿಕೆ ಹಾಗೂ ರೇಡಿಯೊ ಸಂಸ್ಥೆಗಳು ಅವುಗಳ ಚಿತ್ರಗಳನ್ನು ಅಂತರ್ಜಾಲದಲ್ಲಿ ಹಾಕಿದ್ದರಿಂದ ಓದುಗರೂ ಮನೆಯಲ್ಲೇ ಕೂತು ತೀರ್ಪುಗಾರರಾದರು. ಹುರುಳಿಲ್ಲದ ತಕರಾರುಗಳನ್ನು ಎರಡೂ ಕಡೆಯವರು ಕೊನೆಗೆ ತಾವೇ ಹಿಂತೆಗೆದುಕೊಂಡರು.

ಉಳಿದ ಮತಪತ್ರಗಳನ್ನು ಡಿಸೆಂಬರ್ ಮಧ್ಯದಲ್ಲಿ ಪರಿಶೀಲಿಸಿದ್ದು ಐವರ ರಾಜ್ಯ ಪರಿಶೀಲನಾ ಮಂಡಳಿ. ರಿಚಿ ಅವರೊಡನೆ ಅದರಲ್ಲಿ ಇದ್ದವರು ರಾಜ್ಯ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎರಿಕ್ ಮ್ಯಾಗ್ನುಸನ್, ನ್ಯಾಯಮೂರ್ತಿ ಬ್ಯಾರಿ ಆಂಡರ್ಸನ್, ರಾಮ್ಸೆ ಕೌಂಟಿಯ ನ್ಯಾಯಾಧೀಶರಾದ ಕ್ಯಾಥ್ಲೀನ್ ಗಿಯರಿನ್ ಮತ್ತು ಎಡ್ವರ್ಡ್ ಕ್ಲಿಯರಿ. ಮ್ಯಾಗ್ನುಸನ್ ಮತ್ತು ಆಂಡರ್ಸನ್ ಇಬ್ಬರನ್ನೂ ನೇಮಿಸಿದ್ದು ರಿಪಬ್ಲಿಕನ್ ಗವರ್ನರ್ ಟಿಮ್ ಪಾಲೆಂಟಿ. ಮಂಡಳಿಯ ಕಲಾಪ ಬಹಿರಂಗವಾಗಿ ನಡೆಯಿತು, ನೇರ ಪ್ರಸಾರವೂ ಆಯಿತು. ಬಹುಪಾಲು ತೀರ್ಮಾನಗಳು ಒಮ್ಮತದಿಂದ ಬಂದವು.

ಅವರ ಮುಂದಿದ್ದ ನಿಯಮ ಸರಳ. ಖಾನೆ ತುಂಬುವ ಬದಲು ಮತದಾರ ಗುಣಿಸು ಗುರುತು ಹಾಕಿರಲಿ, ಹೆಸರಿಗೆ ಸುತ್ತು ಹಾಕಿರಲಿ, ಆಯ್ಕೆ ಯಾರೆಂದು ತಿಳಿಯುವಂತಿದ್ದರೆ ಆ ಮತ ಸಿಂಧು. ಇಬ್ಬರಿಗೆ ಗುರುತು ಹಾಕಿದ್ದರೆ, ಅಥವಾ ಮತದಾರ ಯಾರೆಂದು ಗೊತ್ತಾಗುವಂತೆ ಬೇಕೆಂದೇ ಸಹಿ ಇತ್ಯಾದಿ ಮಾಡಿದ್ದರೆ ಅಸಿಂಧು. ನಿಯಮವೇನೋ ಸರಳ, ಕಾಗದಗಳು ಮಾತ್ರ ಸರಳವಿರಲಿಲ್ಲ. ಬೆಲ್‌ಟ್ರಾಮಿ ಕೌಂಟಿಯ ಒಂದು ಮತಪತ್ರದಲ್ಲಿ ಫ್ರಾಂಕೆನ್ ಅವರ ಖಾನೆ ತುಂಬಿತ್ತು; ಜೊತೆಗೆ, ಪಟ್ಟಿಯಲ್ಲಿಲ್ಲದವರ ಹೆಸರು ಬರೆಯಲು ಬಿಟ್ಟ ಜಾಗದಲ್ಲಿ ‘ಹಲ್ಲಿ ಜನ’ ಎಂಬರ್ಥದ ‘ಲಿಜರ್ಡ್ ಪೀಪಲ್’ ಎಂದು ಬರೆದು ಅದರ ಖಾನೆಯನ್ನೂ ತುಂಬಲಾಗಿತ್ತು. ಅಂಥ ಹೆಸರಿನ ಮನುಷ್ಯನೇ ಇಲ್ಲದ ಮೇಲೆ ಇದು ಎರಡನೆಯ ಮತ ಹೇಗಾದೀತು ಎಂದು ಫ್ರಾಂಕೆನ್ ಪರ ವಕೀಲ ಮಾರ್ಕ್ ಇಲಾಯಸ್ ವಾದಿಸಿದರು. ಮಂಡಳಿ ಒಪ್ಪಲಿಲ್ಲ, ಇಬ್ಬರಿಗೆ ಹಾಕಿದ ಮತವೆಂದು ಅದನ್ನು ಬದಿಗಿಟ್ಟಿತು. ಗೇಲಿಗೆಂದು ಗೀಚಿದ ಎರಡು ಪದಗಳ ಬಗ್ಗೆ ನ್ಯಾಯಮೂರ್ತಿಗಳು ಗಂಭೀರವಾಗಿ ಚರ್ಚಿಸಿದ ಆ ಗಳಿಗೆ ಇಡೀ ಮರುಎಣಿಕೆಯ ಪ್ರಸಿದ್ಧ ಪ್ರಸಂಗವಾಗಿ ಉಳಿದಿದೆ.

ಮಿನಿಯಾಪೊಲಿಸ್‌ನ 3ನೆಯ ವಾರ್ಡಿನ 1ನೆಯ ಮತಗಟ್ಟೆಯಲ್ಲಿ ಇನ್ನೊಂದು ತೊಡಕು ಎದುರಾಯಿತು. ವಿಶ್ವವಿದ್ಯಾಲಯದ ಸಮೀಪದ ಚರ್ಚ್ ಒಂದರಲ್ಲಿದ್ದ ಈ ಮತಗಟ್ಟೆಯ ಮತಪತ್ರಗಳನ್ನು ಐದು ಲಕೋಟೆಗಳಲ್ಲಿ ತುಂಬಿಡಲಾಗಿತ್ತು. ಮರುಎಣಿಕೆಗೆ ಸಿಕ್ಕಿದ್ದು ನಾಲ್ಕೇ. ‘ಐದರಲ್ಲಿ ಒಂದು’ ಎಂದು ಬರೆದ ಲಕೋಟೆ ನಾಪತ್ತೆ. ಅದರೊಂದಿಗೆ 133 ಮತಪತ್ರಗಳು ಹೋಗಿದ್ದವು. ಎಷ್ಟು ಹುಡುಕಿದರೂ ಸಿಗಲಿಲ್ಲ. ಯಂತ್ರದ ಲೆಕ್ಕ ಮತ್ತು ಮತಗಟ್ಟೆಯಲ್ಲಿ ಸಹಿ ಹಾಕಿದವರ ಪಟ್ಟಿ ನೋಡಿದಾಗ ಅಷ್ಟು ಜನ ಮತ ಹಾಕಿದ್ದು ಖಚಿತವಾಗಿದ್ದರಿಂದ ಆ ಒಂದು ಮತಗಟ್ಟೆಗೆ ಮೊದಲ ರಾತ್ರಿಯ ಯಂತ್ರದ ಲೆಕ್ಕವನ್ನೇ ಇಟ್ಟುಕೊಳ್ಳಲು ಮಂಡಳಿ ತೀರ್ಮಾನಿಸಿತು. ಇಲ್ಲದಿದ್ದರೆ ಫ್ರಾಂಕೆನ್ ಅವರಿಗೆ 46 ಮತಗಳ ನಿವ್ವಳ ನಷ್ಟವಾಗುತ್ತಿತ್ತು.

ಈ ಕೆಲಸವೆಲ್ಲ ಮುಗಿದಾಗ ಫ್ರಾಂಕೆನ್ 49 ಮತಗಳಿಂದ ಮುಂದೆ ಬಂದಿದ್ದರು.

ಐದನೆಯ ಗುಡ್ಡೆ

ಆಗಿನ ಕಾನೂನಿನಂತೆ ಮತದಾನದ ದಿನ ಊರಲ್ಲಿರದವರು, ಕಾಯಿಲೆಯವರು ಮುಂಚಿತವಾಗಿ, ಹೆಚ್ಚಾಗಿ ಅಂಚೆಯ ಮೂಲಕ, ಗೈರುಹಾಜರಿ ಮತ ಕಳಿಸಬಹುದಿತ್ತು. ಮತಪತ್ರದ ಲಕೋಟೆಯ ಮೇಲೆ ಮತದಾರ ಮತ್ತು ಒಬ್ಬ ಸಾಕ್ಷಿಯ ಸಹಿ ಇರಬೇಕಿತ್ತು, ಹೆಸರು, ವಿಳಾಸ, ಸಹಿ ಅರ್ಜಿಯೊಂದಿಗೆ ಹೊಂದಬೇಕಿತ್ತು, ಮತದಾರ ನೋಂದಾಯಿತನಾಗಿರಬೇಕಿತ್ತು, ಬೇರೆ ಕಡೆ ಮತ ಹಾಕಿರಬಾರದಿತ್ತು. ಇವುಗಳಲ್ಲಿ ಒಂದು ಕೊರತೆ ಕಂಡರೂ ಲಕೋಟೆ ತೆರೆಯದೆಯೇ ಮತ ತಿರಸ್ಕೃತವಾಗುತ್ತಿತ್ತು. ಆ ವರ್ಷ ಹೀಗೆ ತಿರಸ್ಕೃತವಾದವು ಸುಮಾರು 12,000.

ಇವುಗಳಲ್ಲಿ ಕೆಲವು ಅಧಿಕಾರಿಗಳ ತಪ್ಪಿನಿಂದಲೇ ತಿರಸ್ಕೃತವಾಗಿವೆ ಎಂದು ಫ್ರಾಂಕೆನ್ ಪಾಳಯ ದೂರಿತು. ತಿರಸ್ಕೃತ ಲಕೋಟೆಗಳನ್ನು ವಿಂಗಡಿಸಿ ಎಂದು ಕೌಂಟಿಗಳನ್ನು ಕೇಳಲಾಯಿತು: ಕಾನೂನಿನ ನಾಲ್ಕು ಕಾರಣಗಳಿಗೆ ನಾಲ್ಕು ಗುಡ್ಡೆ, ಯಾವ ಕಾರಣವೂ ಇಲ್ಲದೆ ತಿರಸ್ಕೃತವಾದವು ಐದನೆಯ ಗುಡ್ಡೆ. ಐದನೆಯದರಲ್ಲಿ ಸುಮಾರು 1,350 ಲಕೋಟೆ ಸೇರಿದವು. ಅವನ್ನು ಎಣಿಸದಂತೆ ತಡೆಯಬೇಕೆಂದು ಕೋಲ್ಮನ್ ಕೋರ್ಟಿಗೆ ಹೋದರು. ಅಧಿಕಾರಿಗಳ ಜೊತೆಗೆ ಇಬ್ಬರು ಅಭ್ಯರ್ಥಿಗಳೂ ಒಪ್ಪಿದ ಲಕೋಟೆಗಳನ್ನು ಮಾತ್ರ ಎಣಿಸಬಹುದೆಂದು ರಾಜ್ಯ ಸುಪ್ರೀಂ ಕೋರ್ಟ್ ಡಿಸೆಂಬರ್ 18ರಂದು ಆದೇಶಿಸಿತು. ಮತದಾರನ ಹಕ್ಕನ್ನು ಅಭ್ಯರ್ಥಿಗಳ ಮರ್ಜಿಗೆ ಬಿಟ್ಟುಕೊಟ್ಟಂತಾಯಿತೆಂದು ನ್ಯಾಯಮೂರ್ತಿ ಅಲನ್ ಪೇಜ್ ಭಿನ್ನಮತ ದಾಖಲಿಸಿದರು.

ಒಪ್ಪಿಗೆ ಸಿಕ್ಕಿದ್ದು 933 ಲಕೋಟೆಗಳಿಗೆ. ಅವನ್ನು 2009ರ ಜನವರಿ 3ರಂದು ತೆರೆದಾಗ ಫ್ರಾಂಕೆನ್‌ಗೆ 481, ಕೋಲ್ಮನ್‌ಗೆ 305 ಮತ ಬಂದವು. ಜನವರಿ 5ರಂದು ಮಂಡಳಿ ಫ್ರಾಂಕೆನ್ 225 ಮತಗಳಿಂದ ಮುಂದಿದ್ದಾರೆಂದು ದೃಢೀಕರಿಸಿತು.

ಮುನ್ನಡೆಯ ಏರಿಳಿತ

2008 ನವೆಂಬರ್ 5, ಮೊದಲ ಲೆಕ್ಕ: ಕೋಲ್ಮನ್ 725
2008 ನವೆಂಬರ್ 18, ಅಧಿಕೃತ ಮೊದಲ ಎಣಿಕೆ: ಕೋಲ್ಮನ್ 215
2008 ಡಿಸೆಂಬರ್ ಕೊನೆ, ಕೈ ಎಣಿಕೆಯ ಬಳಿಕ: ಫ್ರಾಂಕೆನ್ 49
2009 ಜನವರಿ 5, ಗೈರುಹಾಜರಿ ಮತ ಸೇರಿ: ಫ್ರಾಂಕೆನ್ 225
2009 ಏಪ್ರಿಲ್ 7, ವಿಚಾರಣೆಯ ಬಳಿಕ: ಫ್ರಾಂಕೆನ್ 312

ನ್ಯಾಯಾಲಯದಲ್ಲಿ

ಮಂಡಳಿ ಫಲಿತಾಂಶ ದೃಢೀಕರಿಸಿದ ಮರುದಿನವೇ ಕೋಲ್ಮನ್ ಚುನಾವಣಾ ತಕರಾರು ಅರ್ಜಿ ಹಾಕಿದರು. ಎಲಿಜಬೆತ್ ಹೇಡನ್, ಕರ್ಟ್ ಮಾರ್ಬೆನ್, ಡೆನಿಸ್ ರೈಲಿ ಎಂಬ ಮೂವರು ನ್ಯಾಯಾಧೀಶರ ಪೀಠ ಜನವರಿ 26ರಿಂದ ಏಳು ವಾರ ವಿಚಾರಣೆ ನಡೆಸಿತು.

ಇಲ್ಲಿ ಪಾತ್ರಗಳು ಅದಲುಬದಲಾದವು. ಡಿಸೆಂಬರಿನಲ್ಲಿ ತಿರಸ್ಕೃತ ಮತ ಎಣಿಸಿ ಎಂದಿದ್ದ ಫ್ರಾಂಕೆನ್ ಪಾಳಯ ಈಗ ಕಾನೂನಿನ ಷರತ್ತುಗಳನ್ನು ಚಾಚೂ ತಪ್ಪದೆ ನೋಡಬೇಕೆಂದಿತು. ಬೇಡವೆಂದಿದ್ದ ಕೋಲ್ಮನ್ ಪಾಳಯ ಸಾವಿರಾರು ಲಕೋಟೆಗಳನ್ನು ತೆರೆಯಬೇಕೆಂದು ಪಟ್ಟು ಹಿಡಿಯಿತು. ಒಂದು ಕೌಂಟಿಯಲ್ಲಿ ಸಾಕ್ಷಿಯ ನೋಂದಣಿ ಪರೀಕ್ಷಿಸಿದ್ದಾರೆ, ಇನ್ನೊಂದರಲ್ಲಿ ಇಲ್ಲ. ಒಂದೇ ಬಗೆಯ ಲಕೋಟೆ ಒಂದು ಕಡೆ ಒಳಗೆ, ಇನ್ನೊಂದು ಕಡೆ ಹೊರಗೆ. ಇದು ಸಮಾನ ರಕ್ಷಣೆಯ ಹಕ್ಕಿನ ಉಲ್ಲಂಘನೆ ಎಂಬುದು ಕೋಲ್ಮನ್ ಪರ ವಾದದ ತಿರುಳು. ಇದಕ್ಕೆ ಆಧಾರ, 2000ದಲ್ಲಿ ಫ್ಲಾರಿಡ ಮರುಎಣಿಕೆಯನ್ನು ನಿಲ್ಲಿಸಿದ್ದ ಬುಷ್-ಗೋರ್ ಪ್ರಕರಣದ ತೀರ್ಪು.

ಪೀಠ ಇದನ್ನು ಪೂರ್ತಿ ಒಪ್ಪಲಿಲ್ಲ. ಕಾನೂನಿನ ಷರತ್ತುಗಳು ಈಡೇರಿವೆ ಎಂದು ಸಾಕ್ಷ್ಯದಿಂದ ಸಾಬೀತಾದ ಲಕೋಟೆಗಳನ್ನು ಮಾತ್ರ ತೆರೆಯುವುದಾಗಿ ಹೇಳಿತು. ಅಂಥವು ಸಿಕ್ಕಿದ್ದು 351. ಏಪ್ರಿಲ್ 7ರಂದು ತೆರೆದಾಗ ಫ್ರಾಂಕೆನ್‌ಗೆ 198, ಕೋಲ್ಮನ್‌ಗೆ 111, ಇತರರಿಗೆ 42 ಬಂದವು. ಅರ್ಜಿ ಹಾಕಿದವರ ವಿರುದ್ಧವೇ ಅಂತರ ಇನ್ನಷ್ಟು ಹಿಗ್ಗಿತು. ಏಪ್ರಿಲ್ 13ರಂದು ಪೀಠ ಹೆಚ್ಚು ಮತ ಪಡೆದವರು ಫ್ರಾಂಕೆನ್ ಎಂದು ತೀರ್ಪಿತ್ತಿತು.

ಮೇಲ್ಮನವಿ ಆಲಿಸಿದ ರಾಜ್ಯ ಸುಪ್ರೀಂ ಕೋರ್ಟಿನಲ್ಲಿ ಕೂತಿದ್ದು ಐವರು. ಪರಿಶೀಲನಾ ಮಂಡಳಿಯಲ್ಲಿದ್ದ ಇಬ್ಬರು ಹಿಂದೆ ಸರಿದಿದ್ದರು. ಜೂನ್ 30ರಂದು ಐವರೂ ಒಮ್ಮತದಿಂದ ಫ್ರಾಂಕೆನ್ ಪರ ತೀರ್ಪು ಕೊಟ್ಟರು. ಗೈರುಹಾಜರಿ ಮತದಾನ ಒಂದು ವಿಶೇಷ ಸೌಲಭ್ಯ. ಅದರ ಷರತ್ತುಗಳನ್ನು ಹೆಚ್ಚುಕಡಿಮೆ ಪಾಲಿಸಿದರೆ ಸಾಲದು, ಪೂರ್ಣವಾಗಿ ಪಾಲಿಸಿರಬೇಕು ಎಂದು ನ್ಯಾಯಾಲಯ ಹೇಳಿತು. ಕೌಂಟಿಗಳ ನಡುವಿನ ವ್ಯತ್ಯಾಸ ಉದ್ದೇಶಪೂರ್ವಕ ಪಕ್ಷಪಾತವೆಂದು ರುಜುವಾತಾಗಿಲ್ಲ ಎಂದಿತು. ಅಂದೇ ಕೋಲ್ಮನ್ ಸೋಲೊಪ್ಪಿ ಫ್ರಾಂಕೆನ್‌ಗೆ ಅಭಿನಂದನೆ ಹೇಳಿದರು, ಗವರ್ನರ್ ಪಾಲೆಂಟಿ ಆಯ್ಕೆಪತ್ರಕ್ಕೆ ಸಹಿ ಹಾಕಿದರು.

ಖಾಲಿ ಸ್ಥಾನ ಮತ್ತು ರಾಷ್ಟ್ರ ರಾಜಕಾರಣ

ಕೋಲ್ಮನ್ ಅವಧಿ ಜನವರಿ 3ಕ್ಕೇ ಮುಗಿದಿತ್ತು. ವ್ಯಾಜ್ಯ ಮುಗಿಯದೆ ಆಯ್ಕೆಪತ್ರ ಕೊಡುವಂತಿಲ್ಲ ಎಂಬುದು ರಾಜ್ಯದ ಕಾನೂನು. ತಾತ್ಕಾಲಿಕ ಪತ್ರವನ್ನಾದರೂ ಕೊಡಿಸಿ ಎಂಬ ಫ್ರಾಂಕೆನ್ ಕೋರಿಕೆಯನ್ನು ನ್ಯಾಯಾಲಯ ಮಾರ್ಚ್‌ನಲ್ಲಿ ತಳ್ಳಿಹಾಕಿತ್ತು. ಹಾಗಾಗಿ ಆರು ತಿಂಗಳು ಮಿನ್ನೆಸೋಟವನ್ನು ಸೆನೆಟ್‌ನಲ್ಲಿ ಪ್ರತಿನಿಧಿಸಿದ್ದು ರಾಜ್ಯದ ಇನ್ನೊಬ್ಬ ಸೆನೆಟರ್ ಏಮಿ ಕ್ಲೋಬುಚಾರ್ ಒಬ್ಬರೇ.

ಈ ಒಂದು ಸ್ಥಾನಕ್ಕೆ ವಾಷಿಂಗ್ಟನ್‌ನಲ್ಲಿ ವಿಪರೀತ ಬೆಲೆ ಬಂದಿತ್ತು. ನೂರು ಸದಸ್ಯರ ಸೆನೆಟ್‌ನಲ್ಲಿ ವಿರೋಧ ಪಕ್ಷದ ಕಾಲಹರಣದ ತಂತ್ರ ಮುರಿಯಲು 60 ಮತ ಬೇಕು. ಫೆಬ್ರುವರಿಯಲ್ಲಿ ಒಬಾಮ ಸರ್ಕಾರದ ಆರ್ಥಿಕ ಉತ್ತೇಜನ ಮಸೂದೆ ದಾಟಿದ್ದು ಮೂವರು ರಿಪಬ್ಲಿಕನ್ನರ ಬೆಂಬಲದಿಂದ. ಅವರಲ್ಲೊಬ್ಬರಾದ ಆರ್ಲೆನ್ ಸ್ಪೆಕ್ಟರ್ ಏಪ್ರಿಲ್‌ನಲ್ಲಿ ಡೆಮಾಕ್ರಟಿಕ್ ಪಕ್ಷಕ್ಕೆ ಬಂದ ಮೇಲೆ ಆ ಪಾಳಯದ ಬಲ 59 ಆಯಿತು. ಜುಲೈ 7ರಂದು ಪ್ರಮಾಣವಚನ ಸ್ವೀಕರಿಸಿದ ಫ್ರಾಂಕೆನ್ ಅರವತ್ತನೆಯವರು. ಡಿಸೆಂಬರ್ 24ರಂದು ಆರೋಗ್ಯ ವಿಮಾ ಸುಧಾರಣೆಯ ಮಸೂದೆ ಸೆನೆಟ್‌ನಲ್ಲಿ 60-39ರಿಂದ ಅಂಗೀಕಾರವಾಯಿತು. ಒಂದು ಮತ ಕಡಿಮೆಯಿದ್ದರೂ ಅದು ಆ ರೂಪದಲ್ಲಿ ಮುಂದೆ ಸಾಗುತ್ತಿರಲಿಲ್ಲ.

2014ರಲ್ಲಿ ಸುಮಾರು ಶೇ. 10ರ ಅಂತರದಿಂದ ಮರು ಆಯ್ಕೆಯಾದ ಫ್ರಾಂಕೆನ್, ಮಹಿಳೆಯರೊಂದಿಗೆ ಅನುಚಿತವಾಗಿ ವರ್ತಿಸಿದ ಆರೋಪಗಳು ಕೇಳಿಬಂದ ನಂತರ 2018ರ ಜನವರಿ 2ರಂದು ರಾಜೀನಾಮೆ ಕೊಟ್ಟರು. ಅವರ ಸ್ಥಾನಕ್ಕೆ ಟೀನಾ ಸ್ಮಿತ್ ನೇಮಕಗೊಂಡು ಬಳಿಕ ಚುನಾವಣೆಯಲ್ಲೂ ಗೆದ್ದರು.

ಹಿಂದಿನ ನಿದರ್ಶನಗಳು

ಮಿನ್ನೆಸೋಟಕ್ಕೆ ಇಂಥ ಜಿದ್ದಾಜಿದ್ದಿ ಹೊಸದಾಗಿರಲಿಲ್ಲ. 1962ರ ಗವರ್ನರ್ ಚುನಾವಣೆಯಲ್ಲಿ ಕಾರ್ಲ್ ರೋಲ್ವಾಗ್, ಎಲ್ಮರ್ ಆಂಡರ್ಸನ್ ಎದುರು 91 ಮತಗಳಿಂದ ಗೆದ್ದದ್ದು ಮರುವರ್ಷ ಮಾರ್ಚ್‌ನಲ್ಲಿ ತೀರ್ಮಾನವಾಗಿತ್ತು. ಸೆನೆಟ್ ಚುನಾವಣೆಗಳಲ್ಲಿ ಇದಕ್ಕಿಂತ ಬಿಗಿಯಾದದ್ದು 1974ರ ನ್ಯೂ ಹ್ಯಾಂಪ್‌ಷೈರ್ ಕದನ. ಅಲ್ಲಿ ಲೂಯಿಸ್ ವೈಮನ್ ಮೊದಲು 355 ಮತಗಳಿಂದ ಮುಂದಿದ್ದರು. ಮರುಎಣಿಕೆಯಲ್ಲಿ ಜಾನ್ ಡರ್ಕಿನ್ 10 ಮತಗಳಿಂದ ಮುಂದೆ ಬಂದರು. ಇನ್ನೊಮ್ಮೆ ನೋಡಿದಾಗ ವೈಮನ್ 2 ಮತಗಳಿಂದ. ತನ್ನ ಸದಸ್ಯರ ಆಯ್ಕೆಯ ಬಗ್ಗೆ ಕೊನೆಯ ತೀರ್ಪು ಆಯಾ ಸದನದ್ದೇ ಎಂಬ ಸಂವಿಧಾನದ ವಿಧಿಯಂತೆ ಸೆನೆಟ್ ವಿಷಯವನ್ನು ಕೈಗೆತ್ತಿಕೊಂಡಿತು. ತಿಂಗಳುಗಟ್ಟಲೆ ಚರ್ಚಿಸಿದರೂ ಬಗೆಹರಿಯದೆ ಸ್ಥಾನ ಖಾಲಿಯೆಂದು ಘೋಷಿಸಿತು. 1975ರ ಸೆಪ್ಟೆಂಬರಿನ ಮರುಚುನಾವಣೆಯಲ್ಲಿ ಡರ್ಕಿನ್ ಭಾರಿ ಅಂತರದಿಂದ ಗೆದ್ದರು. ಮಿನ್ನೆಸೋಟದ ವಿವಾದ ಸೆನೆಟ್ ಅಂಗಳಕ್ಕೆ ಹೋಗದೆ ರಾಜ್ಯದೊಳಗೇ ಮುಗಿದದ್ದು ಈ ಹಿನ್ನೆಲೆಯಲ್ಲಿ ಗಮನಾರ್ಹ.

ಕಾನೂನು ಬದಲಾವಣೆ

ಎಂಟು ತಿಂಗಳ ಹಗ್ಗಜಗ್ಗಾಟದಲ್ಲಿ ಎದ್ದುಕಂಡ ದೋಷ ಅಕ್ರಮದ್ದಲ್ಲ, ಅಸಮಾನತೆಯದು. ಗೈರುಹಾಜರಿ ಲಕೋಟೆಗಳ ಹಣೆಬರಹ ಬರೆದದ್ದು ಸಾವಿರಾರು ಮತಗಟ್ಟೆಗಳಲ್ಲಿ ಒಂದು ದಿನದ ಕೆಲಸಕ್ಕೆ ಬಂದಿದ್ದ ಸಿಬ್ಬಂದಿ. ಸಹಿ ಹೋಲುತ್ತದೋ ಇಲ್ಲವೋ ಎಂಬುದು ಅವರವರ ಕಣ್ಣಂದಾಜಿಗೆ ಬಿಟ್ಟದ್ದಾಗಿತ್ತು. 2010ರ ತಿದ್ದುಪಡಿಗಳು ಈ ಕೆಲಸವನ್ನು ತರಬೇತಾದ ಪ್ರತ್ಯೇಕ ಮಂಡಳಿಗಳಿಗೆ ವಹಿಸಿದವು. ಸಹಿ ಹೋಲಿಸುವ ಬದಲು ಚಾಲನಾ ಪರವಾನಗಿಯಂಥ ಗುರುತಿನ ಸಂಖ್ಯೆ ತಾಳೆ ನೋಡುವ ಪದ್ಧತಿ ಬಂತು. 2013ರ ಕಾನೂನು ಕಾರಣ ಹೇಳದೆಯೂ ಗೈರುಹಾಜರಿ ಮತ ಹಾಕುವ ಅವಕಾಶ ಕೊಟ್ಟಿತು. ನ್ಯಾಯಾಲಯ ವಿಶೇಷ ಸೌಲಭ್ಯವೆಂದಿದ್ದ ವಿಧಾನ ಹೀಗೆ ಎಲ್ಲರದೂ ಆಯಿತು.

ಈ ಪದ್ಧತಿಗಳ ಮೊದಲ ಪರೀಕ್ಷೆ 2010ರಲ್ಲೇ ನಡೆಯಿತು. ಮಾರ್ಕ್ ಡೇಟನ್ ಮತ್ತು ಟಾಮ್ ಎಮರ್ ನಡುವಿನ ಗವರ್ನರ್ ಚುನಾವಣೆಯ ಅಂತರ ಒಂಬತ್ತು ಸಾವಿರ ಮತಗಳ ಒಳಗಿದ್ದು ಮತ್ತೆ ರಾಜ್ಯವ್ಯಾಪಿ ಮರುಎಣಿಕೆ ಆಯಿತು. ಎಮರ್ ಡಿಸೆಂಬರಿನಲ್ಲೇ ಸೋಲೊಪ್ಪಿಕೊಂಡರು. ಅಷ್ಟು ದೊಡ್ಡ ಅಂತರಕ್ಕೂ ಎಲ್ಲ ಮತಪತ್ರ ಎಣಿಸುವುದು ಹೆಚ್ಚಾಯಿತೆಂಬ ಅಭಿಪ್ರಾಯ ಬಲಗೊಂಡು, 2013ರಲ್ಲಿ ಇಂಥ ಹುದ್ದೆಗಳ ಮರುಎಣಿಕೆಯ ಮಿತಿಯನ್ನು ಕಾಲು ಶೇಕಡಾಕ್ಕೆ ಇಳಿಸಲಾಯಿತು. ಈಗಿನ ನಿಯಮದಂತೆ ಡೇಟನ್ ಗೆಲುವಿಗೆ ಮರುಎಣಿಕೆ ತಾನಾಗಿ ಬರುವುದಿಲ್ಲ. ಫ್ರಾಂಕೆನ್-ಕೋಲ್ಮನ್ ಅಂತರ ಮಾತ್ರ ಈ ಮಿತಿಯ ಇಪ್ಪತ್ತನೆಯ ಒಂದು ಪಾಲನ್ನೂ ಮುಟ್ಟುವುದಿಲ್ಲ.